ಗುಲಾಬಿಯ ಚಿಗುರು ವೇಗವಾಗಿ ಏರುವಾಗಲೇ ಬಸಿನೀರಿನಲ್ಲಿ ನೈಟ್ರೇಟ್ ಹೆಚ್ಚುವುದೇಕೆ?

ಪ್ರಶ್ನೆ: ಗುಲಾಬಿ ಬೆಳೆಗಾರ, ದೊಡ್ಡಬಳ್ಳಾಪುರ

ಎಲ್ಲರಿಗೂ ನಮಸ್ಕಾರ. ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಒಂದು ಎಕರೆ ಪಾಲಿಹೌಸ್‌ನಲ್ಲಿ ತಾಜ್ ಮಹಲ್ ತಳಿಯ ಕೆಂಪು ಗುಲಾಬಿ ಬೆಳೆಯುತ್ತಿದ್ದೇನೆ. ಗಿಡಗಳು ಮಣ್ಣಿನ ಮಡಿಗಳಲ್ಲಿಲ್ಲ, ಕೋಕೋಪೀಟ್ ತುಂಬಿದ ಕುಂಡಗಳಲ್ಲಿವೆ. ಗೊಬ್ಬರವೆಲ್ಲ ಡ್ರಿಪ್ ಮೂಲಕವೇ ಹೋಗುತ್ತದೆ. ಸಾವಿರ ಲೀಟರ್ ನೀರಿಗೆ 600 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, 350 ಗ್ರಾಂ 13-0-45 (ಪೊಟ್ಯಾಸಿಯಂ ನೈಟ್ರೇಟ್) ಮತ್ತು 90 ಗ್ರಾಂ 12-61-0 (ಮೋನೋ ಅಮೋನಿಯಂ ಫಾಸ್ಫೇಟ್) ಸೇರುವಂತೆ ಇಟ್ಟುಕೊಂಡಿದ್ದೇನೆ; ಮೆಗ್ನೀಸಿಯಂ ಸಲ್ಫೇಟ್ ಮತ್ತು ಲಘು ಪೋಷಕಾಂಶಗಳು ಬೇರೆ. ಗೊಬ್ಬರದ ಮೂರು ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪ್ರಮಾಣ. ಲೆಕ್ಕ ಹಾಕಿದರೆ ಸಾರಜನಕ ಸುಮಾರು 150 ಪಿಪಿಎಂ (ಲೀಟರಿಗೆ 150 ಮಿಲಿಗ್ರಾಂ) ಆಗುತ್ತದೆ. ಬೆಳೆಯ ಯಾವ ಹಂತದಲ್ಲೂ ಈ ಪ್ರಮಾಣವನ್ನು ಬದಲಿಸುವುದಿಲ್ಲ.

ಫೆಬ್ರುವರಿ 14ರ ಮಾರುಕಟ್ಟೆಗಾಗಿ ಡಿಸೆಂಬರ್ ಮಧ್ಯದಲ್ಲಿ ಗಿಡಗಳನ್ನೆಲ್ಲ ಒಟ್ಟಿಗೆ ಕತ್ತರಿಸುವುದರಿಂದ ಚಿಗುರು, ಮೊಗ್ಗು, ಕೊಯ್ಲು ಎಲ್ಲವೂ ಇಡೀ ಪಾಲಿಹೌಸ್‌ನಲ್ಲಿ ಒಂದೇ ಸಮಯಕ್ಕೆ ಬರುತ್ತವೆ. ಈ ಸಲ ಕುಂಡಗಳ ತಳದಿಂದ ಹೊರಬರುವ ಬಸಿನೀರನ್ನು ನೈಟ್ರೇಟ್ ಪಟ್ಟಿಯಿಂದ ಪರೀಕ್ಷಿಸುತ್ತಾ ಬಂದೆ. ಪಟ್ಟಿಯ ಅಳತೆ 500 ಮಿಲಿಗ್ರಾಂಗೆ ಮುಗಿದುಹೋಗುವುದರಿಂದ ಒಂದು ಪಾಲು ಬಸಿನೀರಿಗೆ ಒಂಬತ್ತು ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ, ಪಟ್ಟಿಯನ್ನು ಅದ್ದಿ, ಒಂದು ನಿಮಿಷ ಬಿಟ್ಟು ಬಣ್ಣ ನೋಡುತ್ತೇನೆ. ಡ್ರಿಪ್‌ನಿಂದ ಬರುವ ನೀರನ್ನು ಹೀಗೆಯೇ ತೆಳುಗೊಳಿಸಿದಾಗ ಬಣ್ಣ 50ರ ಚೌಕಕ್ಕೂ 100ರ ಚೌಕಕ್ಕೂ ನಡುವೆ ನಿಲ್ಲುತ್ತದೆ, ಅದು ಲೆಕ್ಕಕ್ಕೆ ಸರಿಯಾಗಿದೆ.

ನನಗೆ ಅರ್ಥವಾಗದಿರುವುದು ಬಸಿನೀರಿನ ವಿಚಾರ. ಚಿಗುರು ದಿನದಿಂದ ದಿನಕ್ಕೆ ಕಣ್ಣಿಗೆ ಕಾಣುವಷ್ಟು ಉದ್ದವಾಗುತ್ತಿದ್ದ ಜನವರಿಯ ದಿನಗಳಲ್ಲಿ ಪಟ್ಟಿ ಗಾಢ ನೇರಳೆಗೆ ತಿರುಗಿ 100ರ ಚೌಕವನ್ನೂ ದಾಟುತ್ತಿತ್ತು. ಮೊಗ್ಗು ಬಣ್ಣ ತೋರಿಸಿ ಕೊಯ್ಲು ಹತ್ತಿರವಾದಂತೆ ಅದೇ ಪಟ್ಟಿ ತೆಳುವಾಗುತ್ತಾ 50ರ ಚೌಕಕ್ಕೆ ಇಳಿಯಿತು. ಗಿಡ ಹೆಚ್ಚು ಬೆಳೆಯುವಾಗ ಹೆಚ್ಚು ಸಾರಜನಕ ತೆಗೆದುಕೊಳ್ಳಬೇಕು, ಆಗ ಬಸಿನೀರಿನಲ್ಲಿ ಕಡಿಮೆ ಉಳಿಯಬೇಕು ಎಂದು ನಾನು ತಿಳಿದಿದ್ದೆ. ಇಲ್ಲಿ ನೇರವಾಗಿ ತಿರುಗುಮುರುಗಾಗಿದೆ. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ, ಚಿಗುರು ಏರುವ ಕಾಲದಲ್ಲಿ ಸಾರಜನಕವನ್ನು 200 ಪಿಪಿಎಂಗೆ ಏರಿಸಿ, ಮೊಗ್ಗಿನ ನಂತರ ಕಡಿಮೆ ಮಾಡಿ ಎನ್ನುತ್ತಾರೆ.

ಗಿಡ ನಿಜವಾಗಿಯೂ ಆ ಹಂತದಲ್ಲಿ ನೈಟ್ರೇಟ್ ತೆಗೆದುಕೊಳ್ಳುತ್ತಿಲ್ಲವೇ, ಅಥವಾ ನನ್ನ ಅಳತೆಯ ವಿಧಾನದಲ್ಲಿ ಏನಾದರೂ ಗಮನಿಸಬೇಕಾದದ್ದು ಇದೆಯೇ? ಸಾರಜನಕವನ್ನು ಹೆಚ್ಚು ಅಥವಾ ಕಡಿಮೆ ಕೊಟ್ಟರೆ ಬೇರು ಹೀರುವ ಪ್ರಮಾಣ ಅದೇ ಅನುಪಾತದಲ್ಲಿ ಬದಲಾಗುತ್ತದೆಯೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ: ಸಸ್ಯಶಾಸ್ತ್ರ ಅಧ್ಯಾಪಕಿ, ಧಾರವಾಡ

ನಮಸ್ಕಾರ. ನೀವು ಕಂಡದ್ದು ಅಳತೆಯ ಭ್ರಮೆಯಲ್ಲ. ಪಾಲಿಹೌಸ್ ಗುಲಾಬಿಯ ಬಗ್ಗೆ ನಡೆದಿರುವ ಅತ್ಯಂತ ಒಳ್ಳೆಯ ಅಧ್ಯಯನಗಳಲ್ಲಿ ಒಂದು ಇದೇ ವಿಷಯವನ್ನು ಕುರಿತದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಕಬ್ರೇರಾ, ಇವಾನ್ಸ್ ಮತ್ತು ಪಾಲ್ ಎಂಬ ಮೂವರು ಸಂಶೋಧಕರು ಗುಲಾಬಿಯ ಸಾರಜನಕ ಹೀರಿಕೆಯನ್ನು ಹೂವಿನ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಹಿಂಬಾಲಿಸಿ ಅಳೆದರು. ಅದರ ಫಲಿತಾಂಶಗಳು 1995ರಲ್ಲಿ ಪ್ರಕಟವಾದವು. ಬೇರು ನೈಟ್ರೇಟನ್ನು ಹೀರುವ ವೇಗ ಸಮನಾಗಿರದೆ ಅಲೆಯಂತೆ ಏರಿಳಿಯುತ್ತದೆ, ಮತ್ತು ಆ ಏರಿಳಿತ ಚಿಗುರಿನ ಬೆಳವಣಿಗೆಗೆ ವಿರುದ್ಧ ದಿಕ್ಕಿನಲ್ಲಿರುತ್ತದೆ ಎಂಬುದನ್ನು ಅವರು ತೋರಿಸಿದರು. ಚಿಗುರು ಅತಿ ವೇಗವಾಗಿ ಉದ್ದವಾಗುವ ದಿನಗಳಲ್ಲಿ ಹೀರಿಕೆ ತಳ ಮುಟ್ಟುತ್ತದೆ. ಹೂವು ಕೊಯ್ಲಿಗೆ ಸಿದ್ಧವಾಗುವ ಹೊತ್ತಿಗೆ ಅದು ಹಲವು ಪಟ್ಟು ಹೆಚ್ಚಿ ತುದಿ ಮುಟ್ಟುತ್ತದೆ. ನಿಮ್ಮ ಪಾಲಿಹೌಸ್‌ನಲ್ಲಿ ಎಲ್ಲ ಗಿಡಗಳನ್ನೂ ಒಟ್ಟಿಗೆ ಕತ್ತರಿಸಿದ್ದರಿಂದ ಈ ಅಲೆ ಬಸಿನೀರಿನಲ್ಲೇ ಕಾಣಿಸಿಕೊಂಡಿದೆ. ವರ್ಷವಿಡೀ ಅಷ್ಟಿಷ್ಟು ಕೊಯ್ಯುವ ತೋಟದಲ್ಲಿ ಒಂದು ಗಿಡದ ಏರಿಕೆಯೂ ಪಕ್ಕದ ಗಿಡದ ಇಳಿಕೆಯೂ ಬೆರೆತು ಅದು ಮರೆಯಾಗಿಬಿಡುತ್ತದೆ.

ಹಾಗಾದರೆ ಏರುತ್ತಿರುವ ಚಿಗುರಿಗೆ ಸಾರಜನಕ ಎಲ್ಲಿಂದ ಬರುತ್ತದೆ? ಅದೇ ತಂಡದ ಇನ್ನೊಂದು ಅಧ್ಯಯನ ಸಾರಜನಕ ಗಿಡದ ಯಾವ ಭಾಗದಿಂದ ಯಾವ ಭಾಗಕ್ಕೆ ಹೋಗುತ್ತದೆ ಎಂಬುದನ್ನು ಪರಿಶೀಲಿಸಿತು. ಆ ಹಂತದಲ್ಲಿ ಬೇರು ಹೀರಿಕೊಂಡದ್ದು ಚಿಗುರಿನ ಬೇಡಿಕೆಗೆ ಸಾಲುವುದಿಲ್ಲ. ಹಳೆಯ ಕಾಂಡ ಮತ್ತು ಹಳೆಯ ಎಲೆಗಳಲ್ಲಿ ಇದ್ದ ಸಾರಜನಕವೇ ಮುಖ್ಯವಾಗಿ ಮೇಲಕ್ಕೆ ಸಾಗುತ್ತದೆ. ಕೊಯ್ಲಿನ ಹತ್ತಿರ ಬೇರು ಚುರುಕಾದಾಗ ಬಂದದ್ದು ಹೂವಿನ ಕೊನೆಯ ಅಗತ್ಯವನ್ನು ಪೂರೈಸುವುದರ ಜೊತೆಗೆ ಖಾಲಿಯಾದ ಸಂಗ್ರಹವನ್ನೂ ಮತ್ತೆ ತುಂಬುತ್ತದೆ. ಹಿಂದಿನವರು ಸುಗ್ಗಿಯಲ್ಲಿ ಹಗೇವು ತುಂಬಿ ಮುಂಗಾರಿನ ದುಡಿಮೆಯ ಕಾಲದಲ್ಲಿ ಅದನ್ನು ತೆಗೆದು ಉಣ್ಣುತ್ತಿದ್ದ ಕ್ರಮವೇ ಇದು. ನೀವು ಬೆಂಡಿಂಗ್ ಮಾಡಿ ಕೆಳಗೆ ಬಾಗಿಸಿಟ್ಟ ಕಡ್ಡಿಗಳ ಎಲೆಗಳನ್ನು ಬೆಳಕು ಹಿಡಿಯುವುದಕ್ಕಾಗಿ ಮಾತ್ರ ಇಟ್ಟುಕೊಂಡಿದ್ದೇವೆ ಎಂದು ಭಾವಿಸಬೇಡಿ. ಅವು ಮುಂದಿನ ಸುತ್ತಿನ ಸಾರಜನಕದ ದಾಸ್ತಾನೂ ಹೌದು. ಬೂದಿರೋಗ ಬಂತೆಂದೋ ನುಸಿ ಹತ್ತಿತೆಂದೋ ಆ ಎಲೆಗಳನ್ನೆಲ್ಲ ಒಮ್ಮೆಗೇ ಸವರಿ ಹಾಕಿದರೆ ಮುಂದಿನ ಕಡ್ಡಿಗಳು ಕುಳ್ಳಗೆ, ಸಣ್ಣಗೆ ಬರುವುದಕ್ಕೆ ಇದೂ ಒಂದು ಕಾರಣ.

ಬೇರು ಆ ಹೊತ್ತಿನಲ್ಲಿ ಏಕೆ ಹಿಂದೆ ಸರಿಯುತ್ತದೆ ಎಂಬುದಕ್ಕೆ ಎರಡು ಕಾರಣಗಳು ಜೊತೆಗೂಡಿವೆ. ನೈಟ್ರೇಟ್ ನೀರಿನೊಂದಿಗೆ ತಾನಾಗಿ ಬೇರಿನೊಳಗೆ ಹರಿದು ಬರುವುದಿಲ್ಲ. ಬೇರಿನ ಕೋಶ ಶಕ್ತಿ ಖರ್ಚು ಮಾಡಿ ಹೈಡ್ರೋಜನ್ ಅಯಾನುಗಳನ್ನು ಹೊರಗೆ ತಳ್ಳುತ್ತದೆ. ಅವು ಮರಳಿ ಒಳಬರುವಾಗ ವಾಹಕ ಪ್ರೋಟೀನುಗಳ ಮೂಲಕ ನೈಟ್ರೇಟ್ ಜೊತೆಗೆ ಬರುತ್ತದೆ. ಒಳಗೆ ಬಂದ ನೈಟ್ರೇಟನ್ನು ಅಮೋನಿಯಂ ಮಾಡಿ, ಅದನ್ನು ಅಮೈನೋ ಆಮ್ಲವಾಗಿ ಕಟ್ಟುವುದಕ್ಕೂ ಶಕ್ತಿ ಬೇಕು, ಇಂಗಾಲದ ಅಸ್ಥಿಪಂಜರವೂ ಬೇಕು. ಇವೆಲ್ಲಕ್ಕೂ ಆಧಾರ ಎಲೆಯಿಂದ ಬೇರಿಗೆ ಇಳಿದು ಬರುವ ಸಕ್ಕರೆ. ಹೂವಿನ ಕಡ್ಡಿಯನ್ನು ಕತ್ತರಿಸಿದಾಗ ಅದರ ಜೊತೆಗೆ ಅತ್ಯಂತ ಚುರುಕಾದ ಎಲೆಗಳೂ ಹೋಗಿಬಿಡುತ್ತವೆ; ಹೊಸ ಚಿಗುರು ತನ್ನ ಎಲೆಗಳು ಬಲಿಯುವವರೆಗೆ ಸಕ್ಕರೆಯನ್ನು ಕೊಡುವುದಿಲ್ಲ, ಬೇಡುತ್ತದೆ. ಆ ಅವಧಿಯಲ್ಲಿ ಬೇರಿನ ಪಾಲಿಗೆ ಉಳಿಯುವುದು ಸ್ವಲ್ಪ. ಎರಡನೆಯ ಕಾರಣ ಗಿಡದ ಒಳಗಿನ ಸಂದೇಶ. ಹಳೆಯ ಎಲೆಗಳಿಂದ ಬಿಡುಗಡೆಯಾದ ಸಾರಜನಕ ಗ್ಲುಟಮಿನ್‌ನಂಥ ಅಮೈನೋ ಆಮ್ಲಗಳ ರೂಪದಲ್ಲಿ ಸಂಚರಿಸುತ್ತದೆ. ಬೇರಿನ ಬಳಿ ಅವುಗಳ ಪ್ರಮಾಣ ಹೆಚ್ಚಿದಾಗ ನೈಟ್ರೇಟ್ ವಾಹಕಗಳ ತಯಾರಿಕೆ ತಗ್ಗುತ್ತದೆ. ಇದು ಗುಲಾಬಿಯೊಂದರ ವಿಶೇಷವಲ್ಲ, ಸಸ್ಯಗಳಲ್ಲಿ ವ್ಯಾಪಕವಾಗಿ ಕಂಡುಬರುವ ನಿಯಂತ್ರಣ.

ಇನ್ನು ಹೆಚ್ಚು ಕೊಟ್ಟರೆ ಹೆಚ್ಚು ಹೀರುತ್ತದೆಯೇ ಎಂಬ ಪ್ರಶ್ನೆ. ಬೇರಿನಲ್ಲಿ ನೈಟ್ರೇಟ್ ಹೀರುವ ಎರಡು ಬಗೆಯ ವ್ಯವಸ್ಥೆಗಳಿವೆ. ಮೊದಲನೆಯದು ದ್ರಾವಣ ಬಹಳ ತೆಳುವಾಗಿದ್ದಾಗಲೂ ನೈಟ್ರೇಟನ್ನು ಬಲವಾಗಿ ಹಿಡಿಯುತ್ತದೆ, ಆದರೆ ಸಾಂದ್ರತೆ ಲೀಟರಿಗೆ ಒಂದು ಮಿಲಿಮೋಲ್ ತಲುಪುವ ಮೊದಲೇ ತನ್ನ ಗರಿಷ್ಠ ವೇಗ ಮುಟ್ಟಿ ನಿಂತುಬಿಡುತ್ತದೆ. ಸಾರಜನಕದ ಲೆಕ್ಕದಲ್ಲಿ ಒಂದು ಮಿಲಿಮೋಲ್ ಎಂದರೆ 14 ಪಿಪಿಎಂ. ಎರಡನೆಯದು ಅದಕ್ಕಿಂತ ಹೆಚ್ಚಿನ ಸಾಂದ್ರತೆಯಲ್ಲಿ ಕೆಲಸ ಮಾಡುತ್ತದೆ ಮತ್ತು ಕೆಲವು ಗಂಟೆಗಳ ಪ್ರಯೋಗದಲ್ಲಿ ನೋಡಿದರೆ ಸಾಂದ್ರತೆ ಏರಿದಂತೆಲ್ಲ ಅದರ ವೇಗವೂ ಏರುತ್ತದೆ. ನಿಮ್ಮ 150 ಪಿಪಿಎಂ ಎಂದರೆ 10 ಮಿಲಿಮೋಲ್‌ಗೂ ಮೇಲೆ. ಮೊದಲನೆಯ ವ್ಯವಸ್ಥೆ ತುಂಬಿ ತುಳುಕುವ ಮಟ್ಟವನ್ನು ಎಂದೋ ದಾಟಿದೆ. 200ಕ್ಕೆ ಏರಿಸಿದರೆ ಎರಡನೆಯದು ಆ ಕ್ಷಣಕ್ಕೆ ಸ್ವಲ್ಪ ಹೆಚ್ಚು ಒಳಗೆ ತಂದೀತು, ಆದರೆ ದಿನಗಳ ಲೆಕ್ಕದಲ್ಲಿ ಗಿಡದ ಬೇಡಿಕೆಯೇ ಮಿತಿಯನ್ನು ಹಾಕುತ್ತದೆ. ಹಾಗೆ ಬಂದ ಹೆಚ್ಚುವರಿಯಲ್ಲಿ ಒಂದು ಪಾಲು ಬೇರಿನಿಂದಲೇ ಮತ್ತೆ ಹೊರಗೆ ಸೋರುತ್ತದೆ, ಇನ್ನೊಂದು ಪಾಲು ಕೋಶಗಳ ರಸಧಾನಿಯಲ್ಲಿ (ಕೋಶದೊಳಗಿನ ರಸ ತುಂಬಿದ ಚೀಲದಲ್ಲಿ) ನೈಟ್ರೇಟ್ ಆಗಿಯೇ ಉಳಿಯುತ್ತದೆ. ಆದುದರಿಂದ ಅಂಗಡಿಯವರು ಹೇಳಿದ ಕ್ರಮ ನನ್ನ ದೃಷ್ಟಿಯಲ್ಲಿ ಗಿಡದ ನಡವಳಿಕೆಗೆ ವಿರುದ್ಧವಾದದ್ದು. ಬೇರು ತೆಗೆದುಕೊಳ್ಳದ ಹೊತ್ತಿನಲ್ಲಿ ಹೆಚ್ಚು ಸುರಿದು, ಅದು ದಾಸ್ತಾನು ತುಂಬಿಸಿಕೊಳ್ಳುವ ಹೊತ್ತಿನಲ್ಲಿ ಕಡಿಮೆ ಮಾಡಿದಂತಾಗುತ್ತದೆ.

ತೀರಾ ಕಡಿಮೆ ಸಾಂದ್ರತೆಯಲ್ಲಿಯೂ ಬೇರು ಬೇಕಾದಷ್ಟು ಹೀರಬಲ್ಲದು ಎಂಬುದು ಹರಿಯುವ ದ್ರಾವಣದಲ್ಲಿ ಬೆಳೆಸಿದ ಗಿಡಗಳಿಂದ ತಿಳಿದಿದೆ. ಅಲ್ಲಿ ಹೀರಿದಷ್ಟೂ ಕೂಡಲೇ ಮರುಪೂರಣವಾಗುತ್ತದೆ. ಕೋಕೋಪೀಟ್‌ನಲ್ಲಿ ಹಾಗಲ್ಲ. ಎರಡು ನೀರಾವರಿಗಳ ನಡುವೆ ಬೇರಿಗೆ ತಾಗಿದ ತೆಳುವಾದ ನೀರಿನ ಪದರ ಬರಿದಾಗುತ್ತಾ ಹೋಗುತ್ತದೆ. ತೊಟ್ಟಿಯ ಸಾಂದ್ರತೆಯಷ್ಟೇ ಮುಖ್ಯ, ದಿನಕ್ಕೆ ಎಷ್ಟು ಸಲ ನೀರು ಬಿಡುತ್ತೀರಿ ಎಂಬುದು. ಕಡಿಮೆ ಸಾಂದ್ರತೆಯ ದ್ರಾವಣವನ್ನು ಪದೇಪದೇ ಕೊಡುವುದು, ಹೆಚ್ಚು ಸಾಂದ್ರತೆಯದನ್ನು ಅಪರೂಪಕ್ಕೆ ಕೊಡುವುದಕ್ಕಿಂತ ಬೇರಿಗೆ ಹಿತ.

ಉತ್ತರ: ರಸಾವರಿ ಸಲಹೆಗಾರ, ಹೊಸೂರು

ಮೇಡಂ ಬಹಳ ಚೆನ್ನಾಗಿ ವಿವರಿಸಿದ್ದಾರೆ. ಅಳತೆಯ ವಿಷಯದಲ್ಲಿ ನಾನು ಒಂದು ಮಾತು ಸೇರಿಸಬೇಕು, ಏಕೆಂದರೆ ಬಸಿನೀರಿನ ಪಟ್ಟಿಯ ಬಣ್ಣವೊಂದನ್ನೇ ನೋಡಿ ತೀರ್ಮಾನಕ್ಕೆ ಬರುವುದು ಅಪಾಯ. ಬಸಿನೀರಿನ ಸಾಂದ್ರತೆ ಎರಡು ಸಂಗತಿಗಳ ಫಲ: ಗಿಡ ಎಷ್ಟು ಸಾರಜನಕ ತೆಗೆದುಕೊಂಡಿತು, ಎಷ್ಟು ನೀರು ಕುಡಿಯಿತು. ಬಿಸಿಲು ಹೆಚ್ಚಿ ಗಿಡ ಬರೀ ನೀರನ್ನು ಹೆಚ್ಚು ಕುಡಿದರೂ ಉಳಿದ ದ್ರಾವಣ ಗಟ್ಟಿಯಾಗಿ ಪಟ್ಟಿ ಗಾಢವಾಗುತ್ತದೆ. ಆದ್ದರಿಂದ ಕೊಟ್ಟ ನೀರಿನ ಪ್ರಮಾಣ, ಬಸಿದ ನೀರಿನ ಪ್ರಮಾಣ ಇವೆರಡನ್ನೂ ಅದೇ ದಿನ ಬರೆದುಕೊಳ್ಳಬೇಕು. ಒಂದು ಸಾಲಿನ ಕೆಲವು ಕುಂಡಗಳ ಕೆಳಗೆ ತಟ್ಟೆ ಇಟ್ಟು, ಅದೇ ಸಾಲಿನ ಒಂದು ಡ್ರಿಪ್ಪರನ್ನು ಬಾಟಲಿಗೆ ಹಾಕಿಟ್ಟರೆ ಸಾಕು.

ಲೆಕ್ಕ ಹೀಗೆ. ಉದಾಹರಣೆಗೆ ಒಂದು ಚದರ ಮೀಟರಿಗೆ ದಿನಕ್ಕೆ 6 ಲೀಟರ್ ಕೊಡುತ್ತೀರಿ, ಅದರಲ್ಲಿ ಕಾಲು ಭಾಗ, ಅಂದರೆ ಒಂದೂವರೆ ಲೀಟರ್ ಬಸಿಯುತ್ತದೆ ಎಂದಿಟ್ಟುಕೊಳ್ಳೋಣ. 150 ಪಿಪಿಎಂನಂತೆ ಕೊಟ್ಟ ಸಾರಜನಕ 900 ಮಿಲಿಗ್ರಾಂ. ಪಟ್ಟಿಯ ಓದನ್ನು ಮೊದಲು ಹತ್ತರಿಂದ ಗುಣಿಸಿ, ಆಮೇಲೆ ನೈಟ್ರೇಟ್‌ನಲ್ಲಿರುವ ಸಾರಜನಕವನ್ನಷ್ಟೇ ಎಣಿಸಲು 4.43ರಿಂದ ಭಾಗಿಸಿದರೆ ಸಾರಜನಕದ ಪಿಪಿಎಂ ಸಿಗುತ್ತದೆ. ಓದು 124ರ ಹತ್ತಿರ ಇದ್ದರೆ ಅದು 280 ಪಿಪಿಎಂ. ಬಸಿದು ಹೋದದ್ದು 420 ಮಿಲಿಗ್ರಾಂ, ಗಿಡ ಪಡೆದದ್ದು 480. ಓದು 53ರ ಹತ್ತಿರ ಇದ್ದರೆ 120 ಪಿಪಿಎಂ. ಬಸಿದು ಹೋದದ್ದು 180, ಗಿಡ ಪಡೆದದ್ದು 720. ಗಿಡ ಪಡೆದ ಸಾರಜನಕವನ್ನು ಅದು ಕುಡಿದ ನಾಲ್ಕೂವರೆ ಲೀಟರಿಗೆ ಭಾಗಿಸಿದಾಗ ಮೊದಲನೆಯದರಲ್ಲಿ ಸುಮಾರು 107, ಎರಡನೆಯದರಲ್ಲಿ 160 ಪಿಪಿಎಂ ಬರುತ್ತದೆ. ಈ ಅಂಕಿಯನ್ನು ನಾವು ಹೀರಿಕೆಯ ಸಾಂದ್ರತೆ ಎನ್ನುತ್ತೇವೆ. ತೊಟ್ಟಿಯ ಸಾಂದ್ರತೆ ಇದಕ್ಕಿಂತ ಹೆಚ್ಚಿದ್ದರೆ ಕುಂಡದಲ್ಲಿ ಲವಣ ಕೂಡುತ್ತದೆ, ಕಡಿಮೆ ಇದ್ದರೆ ಕುಂಡ ಬರಿದಾಗುತ್ತದೆ. ಕೋಕೋಪೀಟ್ ತನ್ನೊಳಗೆ ಒಂದಷ್ಟು ದ್ರಾವಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಂದು ದಿನದ ಲೆಕ್ಕವನ್ನು ನಂಬದೆ ವಾರದ ಸರಾಸರಿ ನೋಡಿ.

ನಿಮ್ಮ ಪ್ರಕರಣದಲ್ಲಿ ಒಂದು ಗಮನಾರ್ಹ ಅಂಶವಿದೆ. ಕೊಯ್ಲಿನ ಹೊತ್ತಿಗೆ ಎಲೆಯ ಹರವು ದೊಡ್ಡದಾಗಿ ಗಿಡ ಹೆಚ್ಚು ನೀರು ಕುಡಿಯುತ್ತಿರುತ್ತದೆ, ಅದರಿಂದ ಬಸಿನೀರು ಗಟ್ಟಿಯಾಗಬೇಕಿತ್ತು. ಆದರೂ ಪಟ್ಟಿ ತೆಳುವಾಗಿದೆ ಎಂದರೆ ಹೀರಿಕೆ ಪಟ್ಟಿ ತೋರಿಸಿದ್ದಕ್ಕಿಂತಲೂ ಹೆಚ್ಚಾಗಿಯೇ ಏರಿದೆ.

ಇಸಿ (ವಿದ್ಯುತ್ ವಾಹಕತೆ) ಮೀಟರ್ ಇದ್ದರೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಇಸಿ ಒಟ್ಟು ಲವಣವನ್ನು ಹೇಳುತ್ತದೆ, ಯಾವ ಲವಣ ಎಂದು ಹೇಳುವುದಿಲ್ಲ. ಬಸಿನೀರಿನ ಇಸಿ 2.2 ಇದ್ದು ಅದರಲ್ಲಿ ಬಹುಪಾಲು ಸೋಡಿಯಂ, ಕ್ಲೋರೈಡ್, ಸಲ್ಫೇಟ್ ಇರಬಹುದು, ನೈಟ್ರೇಟ್ ತೀರಿರಲೂಬಹುದು.

ಕೊಳವೆಬಾವಿ ನೀರಿನ ವಿಷಯವನ್ನೂ ಇಲ್ಲಿ ಹೇಳಲೇಬೇಕು. ನಮ್ಮ ಭಾಗದ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚು ಇರುವುದರಿಂದ ಪಿಎಚ್ ಇಳಿಸಲು ಹಲವರು ನೈಟ್ರಿಕ್ ಆಮ್ಲ ಬಳಸುತ್ತಾರೆ. ಲೀಟರಿಗೆ 244 ಮಿಲಿಗ್ರಾಂ ಬೈಕಾರ್ಬನೇಟ್ ಎಂದರೆ 4 ಮಿಲಿಮೋಲ್. ಅದರಲ್ಲಿ 3 ಮಿಲಿಮೋಲನ್ನು ನೈಟ್ರಿಕ್ ಆಮ್ಲದಿಂದ ತೆಗೆದರೆ 42 ಪಿಪಿಎಂ ಸಾರಜನಕ ಗೊಬ್ಬರದ ಹೊರತಾಗಿಯೇ ಸೇರಿಬಿಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹಲವು ಕೊಳವೆಬಾವಿಗಳಲ್ಲಿ ನೈಟ್ರೇಟ್ ಕುಡಿಯುವ ನೀರಿನ ಮಿತಿಯಾದ 45 ಮಿಲಿಗ್ರಾಂ ಅನ್ನು ದಾಟಿದೆ. 90 ಮಿಲಿಗ್ರಾಂ ಇದ್ದರೆ ಅದು ಇನ್ನೊಂದು 20 ಪಿಪಿಎಂ ಸಾರಜನಕ. ಇವೆರಡನ್ನೂ ಲೆಕ್ಕಕ್ಕೆ ಹಿಡಿಯದೆ 150 ಕೊಡುತ್ತಿದ್ದೇನೆ ಎನ್ನುವವರು ವಾಸ್ತವವಾಗಿ 200ಕ್ಕೂ ಹೆಚ್ಚು ಕೊಡುತ್ತಿರುತ್ತಾರೆ.

ಅಂತರ್ಜಲದಲ್ಲಿ ಆ ನೈಟ್ರೇಟ್ ಸೇರುವುದರಲ್ಲಿ ನಮ್ಮ ಪಾಲೂ ಇದೆ. ಮೇಲಿನ ಉದಾಹರಣೆಯನ್ನೇ ಒಂದು ಎಕರೆಗೆ, ಅಂದರೆ ಸುಮಾರು 4,000 ಚದರ ಮೀಟರಿಗೆ ಹಿಗ್ಗಿಸಿ ನೋಡಿ: ಚಿಗುರು ಏರುವ ದಿನಗಳಲ್ಲಿ ದಿನಕ್ಕೆ 6,000 ಲೀಟರ್ ಬಸಿನೀರಿನಲ್ಲಿ 1 ಕೆಜಿ 680 ಗ್ರಾಂ ಸಾರಜನಕ ಹೊರಹೋಗುತ್ತದೆ. ಅದು ಹೆಚ್ಚುಕಡಿಮೆ 11 ಕೆಜಿ ಕ್ಯಾಲ್ಸಿಯಂ ನೈಟ್ರೇಟ್‌ಗೆ ಸಮ. ಆ ನೀರು ಕಚ್ಚಾ ಚರಂಡಿಯಲ್ಲಿ ಇಂಗಿ ಕೆಳಗೆ ಹೋಗುವುದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ, ಏಕೆಂದರೆ ಪಕ್ಕದ ಊರಿನವರು ಕುಡಿಯುವುದು ಅದೇ ನೆಲದ ನೀರನ್ನು. ಹಾಲೆಂಡಿನಲ್ಲಿ ಗಾಜಿನಮನೆ ಬೆಳೆಗಾರರು ಬಸಿನೀರನ್ನು ಹಿಡಿದು, ರೋಗಾಣು ತೆಗೆದು, ಮರುಬಳಕೆ ಮಾಡುತ್ತಾರೆ. 2027ರ ಹೊತ್ತಿಗೆ ಪೋಷಕಾಂಶಗಳು ಹೊರಹೋಗುವುದನ್ನು ಬಹುತೇಕ ಶೂನ್ಯಕ್ಕೆ ಇಳಿಸಬೇಕೆಂಬ ಗುರಿ ಅಲ್ಲಿದೆ. ನಮ್ಮಲ್ಲಿ ಅಷ್ಟು ವ್ಯವಸ್ಥೆ ಇಲ್ಲದಿದ್ದರೂ ಬಸಿನೀರನ್ನು ಒಂದು ಹೊಂಡದಲ್ಲಿ ಹಿಡಿದು ಹೊರಗಿನ ಹಿಪ್ಪುನೇರಳೆಗೋ ಮೇವಿನ ಹುಲ್ಲಿಗೋ ಹಾಯಿಸುವುದಕ್ಕೆ ದೊಡ್ಡ ಖರ್ಚಿಲ್ಲ.

ಉತ್ತರ: ಜರ್ಬೆರಾ ಮತ್ತು ಸೇವಂತಿಗೆ ಬೆಳೆಗಾರರು, ಹೊಸಕೋಟೆ

ಈ ಚರ್ಚೆಯನ್ನು ಓದುವ ಬೇರೆ ಹೂವಿನ ಬೆಳೆಗಾರರು ಗುಲಾಬಿಯ ಏರಿಳಿತವನ್ನು ತಮ್ಮ ಬೆಳೆಗೂ ಹಾಗೆಯೇ ಅನ್ವಯಿಸಬಾರದು ಎಂಬ ಕಾರಣಕ್ಕೆ ಬರೆಯುತ್ತಿದ್ದೇನೆ. ಜರ್ಬೆರಾ ಒಂದರ ಹಿಂದೆ ಒಂದು ಹೂವು ಬಿಡುತ್ತಲೇ ಇರುವ ಗಿಡ. ಹೂವಿನ ತೊಟ್ಟಿನಲ್ಲಿ ಎಲೆಗಳಿಲ್ಲದ ಕಾರಣ, ಕೀಳುವಾಗ ಎಲೆಗಳು ಗಿಡದಲ್ಲೇ ಉಳಿಯುತ್ತವೆ. ಹಾಗಾಗಿ ಅದರಲ್ಲಿ ಅಷ್ಟು ದೊಡ್ಡ ಅಲೆ ಇಲ್ಲ, ಬೆಳಕು ಮತ್ತು ತಾಪಮಾನಕ್ಕೆ ತಕ್ಕಂತೆ ಹೀರಿಕೆ ನಿಧಾನವಾಗಿ ಬದಲಾಗುತ್ತದೆ. ಮಳೆಗಾಲದಲ್ಲಿ ಮೋಡ ಕವಿದು ವಾರಗಟ್ಟಲೆ ಬಿಸಿಲು ಕಾಣದಿದ್ದಾಗ ಎಲೆಯಲ್ಲಿ ಸಕ್ಕರೆ ಕಡಿಮೆಯಾಗಿ ಬೇರೂ ನಿಧಾನಿಸುತ್ತದೆ. ಆಗ ಬೇಸಿಗೆಯ ಗೊಬ್ಬರವನ್ನೇ ಮುಂದುವರಿಸಿದರೆ ಎಲೆ ದೊಡ್ಡದಾಗಿ ಮೆತ್ತಗಾಗುತ್ತದೆ, ತೊಟ್ಟು ಬಳುಕುತ್ತದೆ.

ಸೇವಂತಿಗೆ ಇನ್ನೊಂದು ರೀತಿ. ಅದು ತನಗೆ ಬೇಕಾದ ಸಾರಜನಕದ ಹೆಚ್ಚಿನ ಪಾಲನ್ನು ಮೊಗ್ಗು ಕಟ್ಟುವ ಮೊದಲೇ, ಎಲೆ ಬೆಳೆಯುವ ಹಂತದಲ್ಲಿ ಹೀರಿಕೊಳ್ಳುತ್ತದೆ. ಹೂವು ಅರಳುವಾಗ ಕೆಳಗಿನ ಎಲೆಗಳಿಂದ ಮೇಲಕ್ಕೆ ಸಾಗಿಸಿಕೊಳ್ಳುತ್ತದೆ. ಮೊಗ್ಗು ಬಣ್ಣ ತೋರಿದ ಮೇಲೂ ಸಾರಜನಕ ಜೋರಾಗಿ ಕೊಟ್ಟರೆ ಹೂವಿನ ಬಾಳಿಕೆ ಕಡಿಮೆಯಾಗುತ್ತದೆ. ಆದ್ದರಿಂದ ನಾನು ಆ ಹಂತಕ್ಕೆ ಬರುತ್ತಿದ್ದಂತೆ ಕಡಿಮೆ ಮಾಡುತ್ತೇನೆ. ಬಹುಶಃ ಗೊಬ್ಬರದ ಅಂಗಡಿಯವರ ಸಲಹೆ ಸೇವಂತಿಗೆಗೆ ಒಪ್ಪುವಂಥದ್ದು. ಅದನ್ನೇ ಗುಲಾಬಿಗೂ ಹೇಳಿದ್ದಾರೆ ಎಂದು ನನಗೆ ತೋರುತ್ತದೆ.

ಮಣ್ಣಿನ ಮಡಿಗಳಲ್ಲಿ ಬೆಳೆಯುವವರಿಗೆ ಮತ್ತೊಂದು ಸಂಗತಿ. ನಮ್ಮಲ್ಲಿ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಭತ್ತದ ಹೊಟ್ಟು ಸೇರಿಸಿ ಏರುಮಡಿ ಮಾಡುತ್ತೇವೆ. ಹೊಟ್ಟಿನಲ್ಲಿ ಇಂಗಾಲ ಹೆಚ್ಚು, ಸಾರಜನಕ ತೀರಾ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಡಿಯಲ್ಲಿನ ಸಾರಜನಕವನ್ನು ಮೊದಲು ತಮಗಾಗಿ ಹಿಡಿದುಕೊಳ್ಳುತ್ತವೆ, ಹೊಸ ಮಡಿಯ ಗಿಡಗಳು ಮೊದಮೊದಲು ಹಳದಿಯಾಗುವುದು ಇದರಿಂದಲೂ ಆಗುತ್ತದೆ. ಆದರೆ ಹಳದಿ ಕಂಡ ಕೂಡಲೇ ಸಾರಜನಕ ಸುರಿಯುವ ಮೊದಲು ಯಾವ ಎಲೆ ಎಂದು ನೋಡಿ. ಕೆಳಗಿನ ಹಳೆಯ ಎಲೆ ಒಂದೇ ಸಮನೆ ಮಸುಕಾದರೆ ಅದು ಸಾರಜನಕದ ಕೊರತೆ. ನಡುವಿನ ಎಳೆಯ ಎಲೆಯಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಮಾತ್ರ ಹಳದಿಯಾದರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಗಿಡ ನೈಟ್ರೇಟ್ ಹೀರುವಾಗ ಬೇರಿನ ಸುತ್ತ ಪಿಎಚ್ ಏರುತ್ತದೆ, ಪಿಎಚ್ ಏರಿದಲ್ಲಿ ಕಬ್ಬಿಣ ಕರಗುವುದಿಲ್ಲ. ನೈಟ್ರೇಟನ್ನೇ ಇನ್ನಷ್ಟು ಕೊಟ್ಟರೆ ತೊಂದರೆ ಹೆಚ್ಚುತ್ತದೆ.

ಮರುಪ್ರಶ್ನೆ: ಗುಲಾಬಿ ಬೆಳೆಗಾರ, ದೊಡ್ಡಬಳ್ಳಾಪುರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಬಸಿನೀರಿನ ಪ್ರಮಾಣವನ್ನೂ ಇನ್ನು ಮುಂದೆ ಅಳೆದು ಬರೆದಿಡುತ್ತೇನೆ. ಇಷ್ಟು ತಿಳಿದ ಮೇಲೆ ಎರಡು ಪ್ರಶ್ನೆಗಳು ಉಳಿದಿವೆ. ಚಿಗುರು ಏರುವ ಹಂತದಲ್ಲಿ 150ರಿಂದ 120 ಪಿಪಿಎಂಗೆ ಇಳಿಸುವುದು ಸುರಕ್ಷಿತವೇ, ಇಳಿಸುವುದಾದರೆ ಯಾವ ಗೊಬ್ಬರವನ್ನು ಕಡಿಮೆ ಮಾಡಬೇಕು? ಮತ್ತು ಕ್ಯಾಲ್ಸಿಯಂ ನೈಟ್ರೇಟ್ ದುಬಾರಿಯಾದ್ದರಿಂದ ಅದರ ಬದಲು ಒಂದಷ್ಟು 19-19-19 ಬಳಸಿದರೆ ಹೀರಿಕೆಯಲ್ಲಿ ವ್ಯತ್ಯಾಸವಾಗುತ್ತದೆಯೇ?

ಉತ್ತರ: ಸಸ್ಯಶಾಸ್ತ್ರ ಅಧ್ಯಾಪಕಿ, ಧಾರವಾಡ

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. 19-19-19ರಲ್ಲಿರುವ ಸಾರಜನಕದ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದಲ್ಲಿದೆ, ಉಳಿದದ್ದರಲ್ಲಿ ಅಮೋನಿಯಂ ಮತ್ತು ನೈಟ್ರೇಟ್ ಇವೆ. ಮಣ್ಣಿನಲ್ಲಿ ಯೂರಿಯಾ ಮೊದಲು ಅಮೋನಿಯಂ ಆಗಿ, ಅಲ್ಲಿಂದ ಬ್ಯಾಕ್ಟೀರಿಯಾಗಳ ಮೂಲಕ ನೈಟ್ರೇಟ್ ಆಗುವುದಕ್ಕೆ ಕಾಲಾವಕಾಶವಿದೆ. ಕುಂಡದ ಕೋಕೋಪೀಟ್‌ನಲ್ಲಿ ದ್ರಾವಣ ಬೇಗ ಬದಲಾಗುವುದರಿಂದ ಈ ಪರಿವರ್ತನೆ ಪೂರ್ಣವಾಗುವ ಮೊದಲೇ ಯೂರಿಯಾದ ಒಂದು ಪಾಲು ಬಸಿದುಹೋಗುತ್ತದೆ. ನಿಮ್ಮ ನೈಟ್ರೇಟ್ ಪಟ್ಟಿಗೆ ಅದು ಕಾಣುವುದೂ ಇಲ್ಲ, ಇಸಿ ಮೀಟರಿಗೂ ಕಾಣುವುದಿಲ್ಲ. ಅಮೋನಿಯಂ ಬೇರಿನೊಳಗೆ ಸುಲಭವಾಗಿ ಬರುತ್ತದೆ, ಆದರೆ ಅದನ್ನು ಕೋಶದಲ್ಲಿ ಹಾಗೆಯೇ ಕೂಡಿಡಲಾಗದು. ಬಂದ ಕೂಡಲೇ ಸಕ್ಕರೆ ಖರ್ಚು ಮಾಡಿ ಅಮೈನೋ ಆಮ್ಲವಾಗಿಸಬೇಕು. ಚಿಗುರು ಏರುವಾಗ ಬೇರಿಗೆ ಸಕ್ಕರೆಯೇ ಕಡಿಮೆ ಎಂದು ಮೇಲೆ ಹೇಳಿದೆ. ಆ ಸಮಯದಲ್ಲಿ ಅಮೋನಿಯಂ ಹೆಚ್ಚಿಸುವುದು ಬೇರಿಗೆ ನೇರ ಹೊರೆ. ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಹೀರಿಕೆಗೂ ಅದು ಅಡ್ಡ ಬರುತ್ತದೆ. ನಿಮ್ಮ ಈಗಿನ ಮಿಶ್ರಣದಲ್ಲಿ 12-61-0 ಮತ್ತು ಕ್ಯಾಲ್ಸಿಯಂ ನೈಟ್ರೇಟ್ ಎರಡರಿಂದ ಬರುವ ಅಮೋನಿಯಂ ಒಟ್ಟು ಸಾರಜನಕದ ಸುಮಾರು 11 ಶೇಕಡಾ ಇದೆ. ನೈಟ್ರೇಟ್‌ನಿಂದ ಏರುವ ಪಿಎಚ್ ಅನ್ನು ಹಿಡಿದಿಡಲು ಅಷ್ಟು ಇರುವುದು ಒಳ್ಳೆಯದೇ. ಅದಕ್ಕಿಂತ ಬಹಳ ಮೇಲೆ ಹೋಗಬೇಡಿ.

120 ಪಿಪಿಎಂಗೆ ಇಳಿಸುವುದರಲ್ಲಿ, ಗಿಡದ ದಾಸ್ತಾನು ತುಂಬಿದ್ದರೆ, ನನಗೆ ಆತಂಕ ಕಾಣುವುದಿಲ್ಲ. ಹಿಂದಿನ ಕೊಯ್ಲಿನ ಸಮಯದಲ್ಲಿ ಹಸಿದ ಗಿಡವನ್ನು ಚಿಗುರುವಾಗಲೂ ಹಸಿವಿನಲ್ಲಿಟ್ಟರೆ ಮಾತ್ರ ಕಡ್ಡಿಯ ಉದ್ದಕ್ಕೆ ಪೆಟ್ಟು ಬೀಳುತ್ತದೆ. ದಾಸ್ತಾನು ತುಂಬಿದೆಯೇ ಎಂದು ತಿಳಿಯಲು ಎಲೆ ಪರೀಕ್ಷೆ ಮಾಡಿಸಿ: ಮೊಗ್ಗು ಬಣ್ಣ ತೋರಿದ ಕಡ್ಡಿಯಲ್ಲಿ ಮೇಲಿನಿಂದ ಮೊದಲು ಸಿಗುವ ಐದು ಚಿಕ್ಕೆಲೆಗಳ ಎಲೆಯನ್ನು ತೆಗೆದುಕೊಳ್ಳಬೇಕು, ಒಣತೂಕದಲ್ಲಿ ಸಾರಜನಕ 3ರಿಂದ 5 ಶೇಕಡಾ ಇರಬೇಕು. ಸಾರಜನಕ ಗಿಡದೊಳಗೆ ಸದಾ ಚಲಿಸುತ್ತಿರುವ ಕಾರಣ ಒಂದು ಸಲ ಚಿಗುರಿನ ಹಂತದಲ್ಲಿ, ಇನ್ನೊಂದು ಸಲ ಕೊಯ್ಲಿನ ಹಂತದಲ್ಲಿ ಎಲೆ ತೆಗೆದು ಹೋಲಿಸಿದರೆ ಆ ಹೋಲಿಕೆಗೆ ಅರ್ಥವಿಲ್ಲ. ಪ್ರತಿ ಸಲವೂ ಅದೇ ಹಂತ, ಅದೇ ಎಲೆ ಇರಲಿ. ಮೊದಲ ಸುತ್ತಿನಲ್ಲಿ ಇಡೀ ಎಕರೆಗೆ ಬದಲಾಯಿಸದೆ, ಒಂದು ವಾಲ್ವಿನ ವ್ಯಾಪ್ತಿಗೆ ಮಾತ್ರ ಮಾಡಿ, ಪಕ್ಕದ ವಾಲ್ವಿನ ಕಡ್ಡಿಗಳ ಉದ್ದ ಮತ್ತು ಎಣಿಕೆಯೊಂದಿಗೆ ಹೋಲಿಸಿ ನೋಡಿ. ಮೊಗ್ಗು ಬಟಾಣಿ ಕಾಳಿನಷ್ಟಾದಾಗ ಮತ್ತೆ 150ಕ್ಕೆ ತನ್ನಿ, ಕೊಯ್ಲು ಮುಗಿಯುವವರೆಗೆ ಇಳಿಸಬೇಡಿ.

ಉತ್ತರ: ರಸಾವರಿ ಸಲಹೆಗಾರ, ಹೊಸೂರು

ಯಾವ ಗೊಬ್ಬರ ಕಡಿಮೆ ಮಾಡಬೇಕೆಂಬುದಕ್ಕೆ ನಾನು ಉತ್ತರಿಸುತ್ತೇನೆ. ಕ್ಯಾಲ್ಸಿಯಂ ನೈಟ್ರೇಟನ್ನು ಮುಟ್ಟಬೇಡಿ, ಏಕೆಂದರೆ ಏರುವ ಚಿಗುರಿಗೆ ಕ್ಯಾಲ್ಸಿಯಂ ಹಳೆಯ ಎಲೆಗಳಿಂದ ಬರುವುದಿಲ್ಲ, ಬೇರಿನಿಂದ ನೀರಿನ ಜೊತೆಗೇ ಬರಬೇಕು. ಸಾವಿರ ಲೀಟರಿಗೆ 13-0-45 ಅನ್ನು 350 ಗ್ರಾಂನಿಂದ 120 ಗ್ರಾಂಗೆ ಇಳಿಸಿದರೆ ಸಾರಜನಕ 30 ಪಿಪಿಎಂನಷ್ಟು ಇಳಿಯುತ್ತದೆ. ಅದರೊಂದಿಗೆ ಹೋದ ಪೊಟ್ಯಾಷ್ ತುಂಬಿಕೊಡಲು 0-0-50 (ಪೊಟ್ಯಾಸಿಯಂ ಸಲ್ಫೇಟ್) ಅನ್ನು ಸುಮಾರು 207 ಗ್ರಾಂ ಸೇರಿಸಿ. ಇದು ಸಲ್ಫೇಟ್ ಆಗಿರುವುದರಿಂದ ಕ್ಯಾಲ್ಸಿಯಂ ನೈಟ್ರೇಟ್ ಇರುವ ಗಟ್ಟಿ ದ್ರಾವಣದ ತೊಟ್ಟಿಗೆ ಎಂದಿಗೂ ಹಾಕಬೇಡಿ. ಎರಡೂ ಸೇರಿದರೆ ಜಿಪ್ಸಂ ಗಸಿಯಾಗಿ ತಳಕ್ಕೆ ಕೂತು ಡ್ರಿಪ್ಪರುಗಳು ಕಟ್ಟುತ್ತವೆ. ಮೆಗ್ನೀಸಿಯಂ ಸಲ್ಫೇಟ್ ಮತ್ತು 12-61-0 ಇರುವ ತೊಟ್ಟಿಯಲ್ಲೇ ಅದನ್ನು ಕರಗಿಸಿ. 0-0-50 ತಣ್ಣೀರಿನಲ್ಲಿ ನಿಧಾನವಾಗಿ ಕರಗುವುದರಿಂದ ಹಿಂದಿನ ಸಂಜೆಯೇ ಬಕೆಟ್‌ನಲ್ಲಿ ಕಲಸಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ತೊಟ್ಟಿಗೆ ಸುರಿಯಿರಿ.